ಮಳೆಯಿಲ್ಲದ ಡಿಸೆಂಬರಲ್ಲಿ ಸೀಲಿಂಗ್‌ನಿಂದ ನೀರು ತೊಟ್ಟಿಕ್ಕುತ್ತಿದೆ: ಇನ್ಸುಲೇಷನ್ ಹಾಕಿಸಿದ ಮೇಲೆ ಶುರುವಾದದ್ದು (ಮಡಿಕೇರಿ ಕಡೆ)

ತೋಟದಮನೆ
ಎರಡು ವರ್ಷದ ಹಿಂದೆ ಮಂಗಳೂರು ಹೆಂಚು ಇಳಿಸಿ, ಕಬ್ಬಿಣದ ಟ್ರಸ್ ಮೇಲೆ ಕಲರ್ ಶೀಟ್ ಹಾಕಿಸಿದೆವು. ಕೋತಿ ಕಾಟಕ್ಕೆ ವರ್ಷಾ ವರ್ಷ ಹೆಂಚು ಬದಲಿಸಿ ಸಾಕಾಗಿತ್ತು. ಶೀಟ್ ಬಂದ ಮೇಲೆ ಬೇಸಿಗೆ ಮಧ್ಯಾಹ್ನ ಒಲೆಯೊಳಗೆ ಕೂತ ಹಾಗೆ, ಕಕ್ಕಡದ ಮಳೆಯಲ್ಲಂತೂ ಪಕ್ಕದಲ್ಲಿದ್ದವರ ಮಾತೂ ಕೇಳಿಸದು. ಅದಕ್ಕೇ ಹೋದ ಏಪ್ರಿಲ್‌ನಲ್ಲಿ ಜಿಪ್ಸಮ್ ಫಾಲ್ಸ್ ಸೀಲಿಂಗ್ ಮಾಡಿಸಿ, ಅದರ ಮೇಲೆ 50 ಮಿ.ಮೀ. ಗ್ಲಾಸ್‌ವುಲ್ (ಗಾಜಿನ ಎಳೆಗಳ ಹತ್ತಿಯಂಥ ಹಾಸು) ಹಾಸಿಸಿದೆವು. ಮಳೆಗಾಲ ಹೇಗೋ ಕಳೆಯಿತು.

ಪುತ್ತರಿ ಮುಗಿದ ಮೇಲೆ ಶುರು. ಬೆಳಿಗ್ಗೆ ಏಳಕ್ಕೆ ನೋಡಿದರೆ ಬಚ್ಚಲ ಪಕ್ಕದ ಕೋಣೆಯ ಸೀಲಿಂಗ್‌ನಲ್ಲಿ ಟೀ ಬಣ್ಣದ ಕಲೆ, ಲೈಟಿನ ರಿಂಗ್‌ನಿಂದ ಹನಿ ಹನಿ ನೀರು. ಹತ್ತು ಗಂಟೆಗೆ ತಾನಾಗಿ ನಿಲ್ಲುತ್ತೆ. ಮಳೆ ಬಂದು ವಾರಗಳಾಗಿವೆ! ಇನ್ಸುಲೇಷನ್ ಕಂಟ್ರಾಕ್ಟರ್ "ಶೀಟ್ ಲೀಕ್, ನಮ್ಮ ಕೆಲಸದ್ದಲ್ಲ" ಅಂತಾರೆ. ಶೀಟ್‌ನವರು ಎರಡು ಸಲ ಬಂದು ಸ್ಕ್ರೂ ತಲೆಗೆಲ್ಲ ಸಿಲಿಕಾನ್ ಬಳಿದು ದುಡ್ಡು ತಗೊಂಡು ಹೋದರು. ಈಗ ಮೂರನೆಯವರು ಇಡೀ ಶೀಟಿಗೆ ವಾಟರ್‌ಪ್ರೂಫ್ ಕೋಟಿಂಗ್ ಅಂತ ಕೊಟೇಷನ್ ಕೊಟ್ಟಿದ್ದಾರೆ. ಒಪ್ಪಲಾ?

ಕುಶಾಲನಗರದವ
ರಿಡ್ಜ್ ಕ್ಯಾಪ್ (ಚಾವಣಿಯ ನೆತ್ತಿಯ ಮುಚ್ಚಳ) ಒಮ್ಮೆ ನೋಡಿಸಿ. ನಮ್ಮಲ್ಲಿ ಅಲ್ಲೇ ಬಿರುಕು ಇತ್ತು.

ಹಳೇ ಫ್ಯಾಬ್ರಿಕೇಟರ್
ಒಪ್ಪಬೇಡಿ ಸರ್. ಮಳೆಯೇ ಇಲ್ಲದಿದ್ದರೆ ರಿಡ್ಜ್‌ನಲ್ಲಿ ಏನು ಸೋರುತ್ತೆ? ಇದು ಶೀಟ್ ಬೆವರುತ್ತಿರುವುದು.

ಮೋಡವಿಲ್ಲದ ರಾತ್ರಿ ಶೀಟ್ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟು, ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತೆ. ಮನೆಯ ಆವಿ ಮೇಲೆ ಹೋಗಿ ಅದಕ್ಕೆ ತಾಗಿದರೆ ಇಬ್ಬನಿ. ಫ್ರಿಜ್‌ನಿಂದ ತೆಗೆದ ಚೊಂಬಿನ ಹೊರಗೆ ನೀರು ಕೂರುತ್ತಲ್ಲ, ಅದೇ. ಬಿಸಿಲು ಬಿದ್ದ ಮೇಲೆ ನಿಲ್ಲುವುದೂ ಅದಕ್ಕೇ. ಹೆಂಚಿನ ಕಾಲದಲ್ಲಿ ಸಂದಿಯಿಂದ ಗಾಳಿ ಆಡುತ್ತಿತ್ತು, ಮಣ್ಣು ಒಂದಿಷ್ಟು ತೇವ ಕುಡಿದು ಹಗಲಿಗೆ ಆರುತ್ತಿತ್ತು. ಶೀಟ್ ಕುಡಿಯುವುದಿಲ್ಲ. ಹೋದ ವರ್ಷ ಯಾಕೆ ಹೀಗಾಗಲಿಲ್ಲ ಅಂತೀರಾ? ಆಗ ಕೋಣೆಯ ಬಿಸಿ ನೇರ ಶೀಟಿಗೆ ತಾಗುತ್ತಿತ್ತು. ಈಗ ಗ್ಲಾಸ್‌ವುಲ್ ಬಿಸಿಯನ್ನು ಕೆಳಗೇ ತಡೆದಿದೆ, ಆದರೆ ಆವಿಯನ್ನು ತಡೆದಿಲ್ಲ. ಮೇಲೆ ಮೊದಲಿಗಿಂತ ಹೆಚ್ಚು ಚಳಿ, ಆವಿ ಮಾತ್ರ ಅಷ್ಟೇ.

ಬೆಳಕು ಹರಿಯುವ ಮುಂಚೆ ಟಾರ್ಚ್ ಹಿಡಿದು ಸೀಲಿಂಗ್ ಮೇಲೆ ಇಣುಕಿ. ಶೀಟಿನ ಅಡಿಯೆಲ್ಲ ಸಮನಾಗಿ ಹನಿ ಇದ್ದರೆ ಬೆವರು, ಒಂದೇ ಕಡೆ ಗೆರೆ ಇದ್ದರೆ ಲೀಕ್. ಅನುಮಾನವಿದ್ದರೆ ಮಧ್ಯಾಹ್ನ ಪೈಪಿನಲ್ಲಿ ಕೆಳಗಿನ ಸಾಲಿನಿಂದ ಮೇಲಕ್ಕೆ ಹತ್ತತ್ತು ನಿಮಿಷ ನೀರು ಬಿಟ್ಟು ನೋಡಿ. ಜೊತೆಗೆ ಗ್ಲಾಸ್‌ವುಲ್‌ನ ಒಣಗಿದ ಒಂದು ಚದರ ಮೀಟರ್ ತುಂಡು ತೂಗಿ. ಗ್ಲೌಸ್, ಮಾಸ್ಕ್ ಮರೆಯಬೇಡಿ, ಎರಡು ದಿನ ಮೈ ಕೆರೆಯುತ್ತೆ.

ತೋಟದಮನೆ
ಸರ್ ಅಲ್ಲ, ಅಕ್ಕ ಅನ್ನಿ ಸಾಕು.

ಇವತ್ತು ಐದೂವರೆಗೆ ಮಗನನ್ನು ಹತ್ತಿಸಿದೆ. ಶೀಟಿನ ಅಡಿ ಪೂರ್ತಿ ಹನಿ, ಬೆರಳಲ್ಲಿ ಗೀರಿದರೆ ಧಾರೆಯಾಗಿ ಇಳಿಯಿತಂತೆ. ಶೀಟ್ ಹೊತ್ತ ಅಡ್ಡ ಕಬ್ಬಿಣಕ್ಕೆ (ಪರ್ಲಿನ್) ಆಗಲೇ ತುಕ್ಕು. ಅದಕ್ಕಿಂತ ದೊಡ್ಡ ಸಂಗತಿ: ಬಚ್ಚಲಿನ ಎಕ್ಸಾಸ್ಟ್ ಫ್ಯಾನಿನ ಪೈಪನ್ನು ಹೊರಗೆ ಬಿಟ್ಟೇ ಇಲ್ಲ! ಸೀಲಿಂಗ್ ಮೇಲೆ ಒಂದಡಿ ಹೋಗಿ ಗ್ಲಾಸ್‌ವುಲ್ ಮೇಲೇ ಬಾಯಿ ತೆರೆದುಕೊಂಡು ಮಲಗಿದೆ. ದಿನಾ ಬೆಳಿಗ್ಗೆ ಐದು ಜನರ ಬಿಸಿನೀರಿನ ಹಬೆಯೆಲ್ಲ ಅಲ್ಲಿಗೇ.

ಒಣಗಿದ ಮೂಲೆಯಿಂದ ಒಂದು ಚದರ ಮೀಟರ್ ಕತ್ತರಿಸಿ ಮೆಣಸು ತೂಗುವ ತಕ್ಕಡಿಗೆ ಹಾಕಿದೆ. 640 ಗ್ರಾಂ.

ಹಳೇ ಫ್ಯಾಬ್ರಿಕೇಟರ್
ಕಳ್ಳ ಸಿಕ್ಕಿದ ಅಕ್ಕ. ಇಬ್ಬರು ಕಳ್ಳರು: ಆ ಪೈಪು, ಈ ತೂಕ.

ಬಿಲ್ಲಿನಲ್ಲಿ ಡೆನ್ಸಿಟಿ ಎಷ್ಟು ಬರೆದಿದ್ದಾರೆ? 24 ಅಂತ ಇದ್ದರೆ ಒಂದು ಘನ ಮೀಟರಿಗೆ 24 ಕೆ.ಜಿ. ಅಂತ ಅರ್ಥ; 50 ಮಿ.ಮೀ. ದಪ್ಪದಲ್ಲಿ ಚದರ ಮೀಟರಿಗೆ 1.2 ಕೆ.ಜಿ. ತೂಗಬೇಕು. ನಿಮ್ಮದು ಹೆಚ್ಚು ಕಡಿಮೆ 12ರ ಮಾಲು. ಕೆಲಸಕ್ಕೆ ಬಾರದ್ದು ಅಂತಲ್ಲ, ಆದರೆ ಬೇಗ ಕುಗ್ಗುತ್ತೆ. ಇನ್ಸುಲೇಷನ್ ಅನ್ನುವುದು ಎಳೆಗಳ ನಡುವೆ ನಿಂತ ಗಾಳಿ. ಕುಗ್ಗಿದರೆ ಗಾಳಿ ಹೋಯಿತು. ನೆನೆದರೆ ಗಾಳಿಯ ಜಾಗದಲ್ಲಿ ನೀರು, ಅದು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಬಿಸಿ ದಾಟಿಸುತ್ತೆ. ಇನ್ನೊಂದು ಪದರ ಹಾಕಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. 50 ಮಿ.ಮೀ. ಒಣಗಿದ್ದರೆ ಅದರ ಆರ್-ವ್ಯಾಲ್ಯೂ, ಅಂದರೆ ಬಿಸಿ ತಡೆಯುವ ಶಕ್ತಿ, ಸುಮಾರು 1.25. ಮನೆಗಳ ವಿದ್ಯುತ್ ಉಳಿತಾಯಕ್ಕೆ ಕೇಂದ್ರ ಸರ್ಕಾರ ತಂದ 2018ರ ಇಕೋ ನಿವಾಸ್ ಸಂಹಿತೆ ಚಾವಣಿಯ ಯು-ವ್ಯಾಲ್ಯೂ (ಬಿಸಿ ದಾಟಿಸುವ ಪ್ರಮಾಣ) 1.2 ಮೀರಬಾರದು ಅಂದಿತ್ತು, ನಿಮ್ಮದು ಅದಕ್ಕಿಂತ ಎಷ್ಟೋ ಕಡಿಮೆ ಬರುತ್ತೆ. ದಪ್ಪದ ತೊಂದರೆ ಅಲ್ಲ, ತೇವದ್ದು.

ಮೊದಲು ಪೈಪನ್ನು ಗೋಡೆಯಾಚೆ ಬಿಡಿಸಿ. ಇದು ಅರ್ಧ ದಿನದ ಕೆಲಸ, ಇವತ್ತೇ ಆಗಲಿ. ಆಮೇಲೆ ನೆನೆದ ಗ್ಲಾಸ್‌ವುಲ್ ತೆಗೆಸಿ ಎಸೆಯಿರಿ. ಜಿಪ್ಸಮ್ ಪೂರ್ತಿ ಆರಿದ ಮೇಲೆ ಅದರ ಮೇಲೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಸೇರುವಲ್ಲೆಲ್ಲ ಫಾಯಿಲ್ ಟೇಪ್ ಅಂಟಿಸಿ, ಅದರ ಮೇಲೆ ಹೊಸ ಗ್ಲಾಸ್‌ವುಲ್. ಫಾಯಿಲ್ ಕೋಣೆಯ ಕಡೆಗೇ ಇರಬೇಕು. ಲೈಟಿನ ತೂತುಗಳ ಸುತ್ತ ಸೀಲ್ ಮಾಡಿಸಿ, ಲೈಟಿನ ಡ್ರೈವರ್ (ಲೈಟಿಗೆ ಕರೆಂಟ್ ಹೊಂದಿಸುವ ಪುಟ್ಟ ಡಬ್ಬಿ) ಮೇಲೆ ಮಾತ್ರ ಗ್ಲಾಸ್‌ವುಲ್ ಮುಚ್ಚಬೇಡಿ, ಬಿಸಿಯಾಗುತ್ತೆ. ಸೂರಿನಡಿ ಎದುರು ಬದುರು ಗಾಳಿಗಂಡಿ ಬಿಡಿಸಿ ಬಾವಲಿ ಬಾರದ ಹಾಗೆ ಜಾಲರಿ ಹಾಕಿಸಿ. ಶೀಟ್ ಆಮೇಲೂ ಸ್ವಲ್ಪ ಬೆವರಬಹುದು, ಗಾಳಿ ಆಡಿದರೆ ಹಗಲಿಗೆ ಆರುತ್ತೆ.

ವಿರಾಜಪೇಟೆ ಹೊಸಮನೆ
ಅಣ್ಣ, ನಮ್ಮದು ಇನ್ನು ಶುರು ಮಾಡಬೇಕು. ಥರ್ಮಕೋಲ್ ಅಂಟಿಸಿದರೆ ಅಗ್ಗ ಅಂತಾರೆ. ಗೋಡೆ ತೇವಕ್ಕೂ ಅದೇ ಸಾಕಂತೆ?

ಹಳೇ ಫ್ಯಾಬ್ರಿಕೇಟರ್
ಗೋಡೆ ತೇವ ಮಳೆ ಹೊಡೆತದ್ದು, ಹೊರಗಿನಿಂದಲೇ ನಿಲ್ಲಿಸಬೇಕು. ಒಳಗೆ ಅಂಟಿಸಿದರೆ ಬೂಷ್ಟು ಕಣ್ಣಿಗೆ ಕಾಣದು, ಅಷ್ಟೇ. ಥರ್ಮಕೋಲಿಗೆ ಬೆಂಕಿ ಬೇಗ ಹತ್ತುತ್ತೆ, ಇಲಿಗೂ ಪ್ರೀತಿ. ಹೊಸದಾಗಿ ಹಾಕುವುದಾದರೆ ಪಫ್ ಪ್ಯಾನೆಲ್ (ಎರಡು ಶೀಟ್ ನಡುವೆ ಫೋಮ್ ತುಂಬಿದ್ದು) ವಿಚಾರಿಸಿ, ಮಳೆ ಸದ್ದೂ ತಗ್ಗುತ್ತೆ.

ಯಾರನ್ನೇ ಕರೆಸಿ, "ಗ್ಲಾಸ್‌ವುಲ್, ಚದರಡಿಗೆ ಇಷ್ಟು" ಅನ್ನುವ ಒಂದೇ ಸಾಲಿನ ಕೊಟೇಷನ್ ತಗೋಬೇಡಿ. ದಪ್ಪ, ಡೆನ್ಸಿಟಿ, ಐಎಸ್ 8183 (ಇಂಥ ಉಣ್ಣೆಗಿರುವ ಭಾರತೀಯ ಮಾನಕ) ಮಾಲು ಹೌದೋ ಅಲ್ಲವೋ, ಫಾಯಿಲ್ ಯಾವ ಕಡೆ, ಟೇಪ್ ಅವರದೋ ನಿಮ್ಮದೋ, ಎಲ್ಲ ಬರೆಸಿ. ರೋಲ್ ಬಿಚ್ಚುವ ಮುಂಚೆ ಲೇಬಲ್ಲಿನ ಫೋಟೋ ತಗೊಳ್ಳಿ, ಒಂದು ತುಂಡು ಅವರೆದುರೇ ತೂಗಿ. ಅವರು ಮಾಡಿದ, ಒಂದು ಮಳೆಗಾಲ ಒಂದು ಚಳಿಗಾಲ ಕಂಡ ಮನೆ ತೋರಿಸಲಿ. "ಬಚ್ಚಲಿನ ಆವಿ ಎಲ್ಲಿಗೆ ಹೋಗುತ್ತೆ?" ಅಂತ ಕೇಳಿ. ತಡವರಿಸಿದರೆ ಟೀ ಕೊಟ್ಟು ಕಳಿಸಿ. ನೂರಕ್ಕೆ ಹತ್ತು ರೂಪಾಯಿ ಮುಂದಿನ ಡಿಸೆಂಬರ್‌ವರೆಗೆ ಹಿಡಿದಿಡುವ ಕರಾರು ಮೊದಲೇ ಆಗಲಿ. ಕೆಲಸ ಫೆಬ್ರವರಿಯಲ್ಲಿ, ಹೂಮಳೆಗೆ ಮುಂಚೆ.

ತೋಟದಮನೆ
ಪೈಪ್ ಹೊರಗೆ ಬಿಟ್ಟು ನಾಲ್ಕು ದಿನ. ರಿಂಗ್‌ನ ಕೆಳಗಿಟ್ಟ ಪಾತ್ರೆಯಲ್ಲಿ ಮೊದಲು ಅರ್ಧ ಲೋಟ ನೀರಿರುತ್ತಿತ್ತು, ಇವತ್ತು ಎರಡು ಹನಿ. ಕೋಟಿಂಗ್‌ನವರಿಗೆ ಬೇಡ ಅಂದೆ. ಕಂಟ್ರಾಕ್ಟರಿಗೆ ತಕ್ಕಡಿಯ ಫೋಟೋ ಕಳಿಸಿದ್ದೇನೆ. ಎರಡು ನೀಲಿ ಗೀಟು ಬಂದಿವೆ, ಉತ್ತರ ಬಂದಿಲ್ಲ.