ತೂಬಿನ ಜಗಳದ ಕ್ರಿಮಿನಲ್ ಕೇಸಿಗೆ ಕಡಿಮೆ ಖರ್ಚಿನಲ್ಲಿ ವಕೀಲರು ಸಿಗುವುದು ಹೇಗೆ? (ಹರಿಹರ ತಾಲ್ಲೂಕು)

ಕೇಳಿದವರು: ನಾಲೆಕೊನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಹರಿಹರ ತಾಲ್ಲೂಕಿನಲ್ಲಿ ಭದ್ರಾ ನಾಲೆಯ ಕೊನೆಭಾಗದ ಹಳ್ಳಿ. ಕಳೆದ ತಿಂಗಳು ರಾತ್ರಿ ನೀರು ಹಾಯಿಸುವ ಪಾಳಿಯ ವಿಚಾರಕ್ಕೆ ತೂಬಿನ ಬಳಿ ಪಕ್ಕದ ಗದ್ದೆಯವರಿಗೂ ನನ್ನ ತಮ್ಮನಿಗೂ ಮಾತಿಗೆ ಮಾತು ಬೆಳೆದು, ಸಲಿಕೆ ತಗುಲಿ ಅವರ ತಲೆಗೆ ನಾಲ್ಕು ಹೊಲಿಗೆ ಬಿದ್ದಿವೆ. ತಮ್ಮನ ಮುಂಗೈಗೂ ಪೆಟ್ಟಾಗಿತ್ತು, ಆದರೆ ಅವನು ಅರಿಶಿನ ಮೆತ್ತಿಕೊಂಡು ಮಲಗಿದನೇ ಹೊರತು ಆಸ್ಪತ್ರೆಗಾಗಲಿ ಠಾಣೆಗಾಗಲಿ ಹೋಗಲಿಲ್ಲ. ಅವರು ದೂರು ಕೊಟ್ಟಿದ್ದು, ಎಫ್‌ಐಆರ್‌ನಲ್ಲಿ ಭಾರತೀಯ ನ್ಯಾಯ ಸಂಹಿತೆಯ 115(2) (ಗಾಯಗೊಳಿಸುವುದು), 118(1) (ಅಪಾಯಕಾರಿ ಆಯುಧದಿಂದ ಗಾಯಗೊಳಿಸುವುದು), 352 (ಅವಮಾನಿಸಿ ಕೆರಳಿಸುವುದು), 351(2) (ಬೆದರಿಕೆ) ಮತ್ತು 3(5) (ಒಂದೇ ಉದ್ದೇಶದಿಂದ ಸೇರಿ ಮಾಡಿದ್ದು) ಎಂದು ಬರೆದಿದ್ದಾರೆ. ಜಗಳ ಬಿಡಿಸಲು ಓಡಿಹೋದ ನಮ್ಮ ಅವ್ವನನ್ನು ಎರಡನೇ ಆರೋಪಿ ಮಾಡಿದ್ದಾರೆ.

ಠಾಣೆಯಿಂದ ಬಂದ ನೋಟಿಸನ್ನು ಅವ್ವ ಏನೆಂದು ತಿಳಿಯದೆ ದೇವರ ಪಟದ ಹಿಂದೆ ಸಿಕ್ಕಿಸಿಟ್ಟಿದ್ದರಿಂದ ನಮ್ಮ ಕಣ್ಣಿಗೆ ಬೀಳುವಷ್ಟರಲ್ಲಿ ಮೂರು ದಿನ ಕಳೆದಿತ್ತು. ಹಾಜರಾಗಲು ಇನ್ನು ನಾಲ್ಕು ದಿನವಷ್ಟೇ ಉಳಿದಿದೆ. ನಾನು ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಯ ಕೂಲಿ, ಊರಲ್ಲಿರುವುದು ಒಂದೂವರೆ ಎಕರೆ ಭತ್ತದ ಗದ್ದೆ. ಕೋರ್ಟಿನ ಮುಂದಿನ ಚಹಾದಂಗಡಿಯಲ್ಲಿ ಪರಿಚಯವಾದ ಒಬ್ಬರು, ವಕೀಲರಲ್ಲದಿದ್ದರೂ, ಠಾಣೆಯಿಂದ ಜಾಮೀನಿನವರೆಗೆ ಎಲ್ಲವನ್ನೂ ತಾವೇ ನೋಡಿಕೊಳ್ಳುವುದಾಗಿ ಹೇಳಿ 40,000 ರೂಪಾಯಿ ಕೇಳಿದ್ದಾರೆ. ಸರ್ಕಾರದಿಂದ ಉಚಿತ ವಕೀಲರು ಸಿಗುತ್ತಾರೆಂದು ಕೇಳಿದ್ದೇನೆ, ಆದರೆ ಅದು ಜೈಲಿಗೆ ಹೋದವರಿಗೆ ಮಾತ್ರವೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಶಿರಸ್ತೇದಾರ

ಮೊದಲು ಆ ಚಹಾದಂಗಡಿಯವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮೂವತ್ತು ವರ್ಷ ನ್ಯಾಯಾಲಯದ ಕಚೇರಿಯಲ್ಲಿ ಕೆಲಸ ಮಾಡಿದವನಾಗಿ ಹೇಳುತ್ತಿದ್ದೇನೆ, ಅಂಥವರ ಕೈಗೆ ಹೋದ ಹಣಕ್ಕೆ ರಸೀದಿಯೂ ಇರುವುದಿಲ್ಲ, ಲೆಕ್ಕವೂ ಇರುವುದಿಲ್ಲ.

ಉಚಿತ ನೆರವು ಜೈಲಿನಲ್ಲಿರುವವರಿಗೆ ಮಾತ್ರ ಎಂಬುದು ತಪ್ಪು ತಿಳಿವಳಿಕೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ 12ನೇ ಕಲಮಿನ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ಇವರಿಗೆಲ್ಲ ಆದಾಯದ ಮಿತಿಯಿಲ್ಲದೆ ನೆರವು ಸಿಗುತ್ತದೆ. ಉಳಿದವರಿಗೆ ನಮ್ಮ ರಾಜ್ಯದಲ್ಲಿ ವಾರ್ಷಿಕ ಆದಾಯ 3 ಲಕ್ಷ ರೂಪಾಯಿಯ ಒಳಗಿರಬೇಕು. ಹಾಗಾಗಿ ನಿಮ್ಮ ತಾಯಿಯವರು ಯಾವ ಆದಾಯ ಪತ್ರವನ್ನೂ ತೋರಿಸಬೇಕಿಲ್ಲ, ಹೆಂಗಸರೆಂಬುದೇ ಸಾಕು. ತಮ್ಮನ ಬಳಿ ನಾಡಕಚೇರಿಯ ಆದಾಯ ಪ್ರಮಾಣಪತ್ರ ಇಲ್ಲದಿದ್ದರೆ ಅದಕ್ಕಾಗಿ ದಿನ ಕಳೆಯಬೇಡಿ, ಆದಾಯದ ಬಗ್ಗೆ ಅಫಿಡವಿಟ್ಟನ್ನೇ ಒಪ್ಪಿಕೊಳ್ಳಲು ಅದೇ ಕಾಯ್ದೆಯ 13ನೇ ಕಲಮಿನಲ್ಲಿ ಅವಕಾಶವಿದೆ.

ಎಫ್‌ಐಆರ್ ಪ್ರತಿ, ನೋಟಿಸು, ಆಧಾರ್, ಇಷ್ಟನ್ನು ಹಿಡಿದುಕೊಂಡು ನಾಳೆಯೇ ಹರಿಹರದ ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ನಿಮಗೆ ದಾವಣಗೆರೆಯೇ ಹತ್ತಿರವೆನಿಸಿದರೆ ಜಿಲ್ಲಾ ನ್ಯಾಯಾಲಯದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೋಗುವ ಮುನ್ನ 15100ಕ್ಕೆ ಕರೆ ಮಾಡಿಯೂ ಕೇಳಬಹುದು. ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಬರೆದ ಅರ್ಜಿ ಸಾಕು, ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಅಲ್ಲಿಯವರೇ ಬರೆದುಕೊಳ್ಳುತ್ತಾರೆ. ಕ್ರಿಮಿನಲ್ ಪ್ರಕರಣಗಳಿಗೆಂದೇ 2022ರಿಂದ ಈಚೆಗೆ ‘ಕಾನೂನು ನೆರವು ಅಭಿರಕ್ಷಕರು’ ಎಂಬ ಪೂರ್ಣಾವಧಿ ವಕೀಲರ ವ್ಯವಸ್ಥೆ ಬಂದಿದೆ. ಅವರು ಖಾಸಗಿ ಕೇಸು ಹಿಡಿಯುವಂತಿಲ್ಲ, ನಿಮ್ಮಿಂದ ಶುಲ್ಕ ಪಡೆಯುವಂತೆಯೂ ಇಲ್ಲ.

ಇನ್ನು ನೋಟಿಸಿನ ವಿಷಯ. ಅದು ಬಹುಶಃ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35(3)ರ ಅಡಿಯ, ಅಂದರೆ ಬಂಧಿಸದೆ ಹಾಜರಾಗಲು ಹೇಳುವ ನೋಟಿಸು. ಕಲಂ ಸಂಖ್ಯೆ ಅದರ ಮೇಲೆಯೇ ಇರುತ್ತದೆ, ನೋಡಿಕೊಳ್ಳಿ. ಹೇಳಿದ ದಿನ ಹಾಜರಾಗಿ ತನಿಖೆಗೆ ಸಹಕರಿಸುತ್ತಿದ್ದರೆ, ಪೊಲೀಸರು ಕಾರಣವನ್ನು ಬರಹದಲ್ಲಿ ದಾಖಲಿಸದೆ ಬಂಧಿಸುವಂತಿಲ್ಲ. ತಪ್ಪಿಸಿಕೊಂಡರೆ ಆ ರಕ್ಷಣೆಯನ್ನು ನೀವೇ ಕೈಬಿಟ್ಟಂತೆ. ಆದರೂ 118(1) ಜಾಮೀನುರಹಿತ ಅಪರಾಧವಾದ್ದರಿಂದ, ನಿರೀಕ್ಷಣಾ ಜಾಮೀನು ಹಾಕಬೇಕೇ ಬೇಡವೇ ಎಂಬುದನ್ನು ವಕೀಲರು ಎಫ್‌ಐಆರ್ ಓದಿ ಹೇಳಲಿ, ನಾನು ಇಲ್ಲಿ ಕುಳಿತು ಹೇಳುವುದು ಸರಿಯಲ್ಲ.

ಉತ್ತರ: ದುರ್ಗದ ಗೃಹಿಣಿ

ಶಿರಸ್ತೇದಾರರು ಹೇಳಿದ್ದೆಲ್ಲ ನಿಜ. ಆದರೆ ಅರ್ಜಿ ಕೊಟ್ಟ ಕೂಡಲೇ ಎಲ್ಲ ಸಲೀಸಾಗುತ್ತದೆ ಎಂದುಕೊಳ್ಳಬೇಡಿ. ಚಿತ್ರದುರ್ಗದಲ್ಲಿ ನಮ್ಮ ಯಜಮಾನರ ಮೇಲೆ ಕೇಸಾದಾಗ, ಈ ಹೊಸ ವ್ಯವಸ್ಥೆ ಬರುವುದಕ್ಕೂ ಮುಂಚೆ, ನಮಗೂ ಉಚಿತ ವಕೀಲರನ್ನೇ ನೇಮಿಸಿದ್ದರು. ಮೊದಲ ಮೂರು ವಾಯಿದೆಗಳಲ್ಲಿ ಅವರು ನ್ಯಾಯಾಲಯಕ್ಕೆ ಬರುತ್ತಿದ್ದರೇ ಹೊರತು ನಮ್ಮೊಂದಿಗೆ ಐದು ನಿಮಿಷ ಕುಳಿತು ಮಾತನಾಡಲಿಲ್ಲ, ಫೋನನ್ನಂತೂ ಎತ್ತುತ್ತಲೇ ಇರಲಿಲ್ಲ. ಬಿಟ್ಟಿ ವಕೀಲರೆಂದರೆ ಹೀಗೆಯೇ ಎಂದು ನೆಂಟರೆಲ್ಲ ಆಡಿಕೊಂಡರು. ಕೊನೆಗೆ ನಾನೇ ಯಾವ ದಿನ ಏನಾಯಿತೆಂದು ಒಂದು ಪುಟದಲ್ಲಿ ಬರೆದು, ವಕೀಲರನ್ನು ಬದಲಿಸಿಕೊಡಬೇಕೆಂದು ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗಳಿಗೆ ಅರ್ಜಿ ಕೊಟ್ಟೆ. ಅವರೂ ನ್ಯಾಯಾಧೀಶರೇ. ಬೇರೆಯವರನ್ನು ನೇಮಿಸಿದರು, ಆ ಎರಡನೆಯವರು ಸಾಕ್ಷಿಗಳ ಪಾಟೀಸವಾಲು ಮಾಡಿದ್ದನ್ನು ನೋಡಿದ ಮೇಲೆ ದುಡ್ಡು ಕೊಟ್ಟಿದ್ದರೂ ಇದಕ್ಕಿಂತ ಹೆಚ್ಚೇನೂ ಸಿಗುತ್ತಿರಲಿಲ್ಲ ಅನಿಸಿತು.

ನೂರು ಹಾಳೆಯ ಒಂದು ನೋಟ್‌ಬುಕ್ ಕೊಂಡು ಇವತ್ತಿನಿಂದಲೇ ಬರೆಯಲು ಶುರುಮಾಡಿ. ಆ ರಾತ್ರಿ ತೂಬಿನ ಬಳಿ ಯಾರು ಯಾರಿದ್ದರು, ಬೆಳಕು ಎಲ್ಲಿಂದ ಬರುತ್ತಿತ್ತು, ಸಲಿಕೆ ಯಾರ ಕೈಯಲ್ಲಿತ್ತು, ಎಲ್ಲವನ್ನೂ ಬರೆದಿಡಿ. ವರ್ಷ ಕಳೆದ ಮೇಲೆ ನೆನಪು ಮಸುಕಾಗುತ್ತದೆ.

ಉತ್ತರ: ಕಿರಿಯ ವಕೀಲ, ದಾವಣಗೆರೆ

ನಿಮ್ಮ ತಮ್ಮನಿಗೆ ಆದ ಪೆಟ್ಟಿನ ಬಗ್ಗೆ ಯಾರೂ ಹೇಳಲಿಲ್ಲ. ತಡವಾಗಿದ್ದರೂ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಪೆಟ್ಟು ಹೇಗಾಯಿತೆಂದು ನಿಜವನ್ನೇ ಹೇಳಿ ಬರೆಸಿ. ಅವನ ಕಡೆಯ ದೂರನ್ನೂ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ವಿಳಂಬವನ್ನು ಎದುರಿನವರು ಖಂಡಿತ ಎತ್ತಿ ಆಡುತ್ತಾರೆ, ಆದರೂ ಏನೂ ಇಲ್ಲದಿರುವುದಕ್ಕಿಂತ ಅದು ಮೇಲು. ದೂರಿನ ಒಕ್ಕಣೆಯನ್ನು ಮಾತ್ರ ವಕೀಲರಿಗೆ ತೋರಿಸಿಯೇ ಕೊಡಿ, ಏಕೆಂದರೆ ಅದರಲ್ಲಿ ಒಪ್ಪಿಕೊಂಡ ಪ್ರತಿ ಮಾತೂ ಈ ಕೇಸಿಗೆ ಬಂದು ಕೂರುತ್ತದೆ. ಪೊಲೀಸ್ ವಿಚಾರಣೆಯ ವೇಳೆ ವಕೀಲರನ್ನು ಭೇಟಿಯಾಗುವ ಹಕ್ಕು ಬಂಧಿತರಿಗೆ ನಾಗರಿಕ ಸುರಕ್ಷಾ ಸಂಹಿತೆಯ 38ನೇ ಕಲಮಿನಲ್ಲಿದೆ. ಬಂಧನಕ್ಕೂ ಮುಂಚಿನ ಹಂತದಲ್ಲಿ, ಠಾಣೆಗೆ ಕರೆಸಿಕೊಂಡಾಗಲೂ ನೆರವು ಕೊಡಬೇಕೆಂದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ವ್ಯವಸ್ಥೆಯಿದೆ, ಆದ್ದರಿಂದ ಹಾಜರಾಗುವ ದಿನಕ್ಕೇ ಒಬ್ಬರನ್ನು ಕೇಳಿಕೊಳ್ಳಿ.

ಖಾಸಗಿ ವಕೀಲರೇ ಬೇಕೆನಿಸಿದರೆ ಇಡೀ ಕೇಸಿಗೆ ಒಂದೇ ಮೊತ್ತ ಮಾತನಾಡಬೇಡಿ. ಜಾಮೀನಿಗೆ ಇಷ್ಟು, ಚಾರ್ಜ್‌ಶೀಟ್ ಬಂದ ಮೇಲೆ ಇಷ್ಟು, ಸಾಕ್ಷಿ ಹಂತಕ್ಕೆ ಇಷ್ಟು ಎಂದು ಬಿಡಿಸಿ ಕೇಳಿದರೆ ನಮ್ಮಂಥ ಕಿರಿಯರು ಹಂತಹಂತವಾಗಿ ತೆಗೆದುಕೊಳ್ಳಲು ಒಪ್ಪುತ್ತೇವೆ. ಚಾರ್ಜ್‌ಶೀಟಿನ ಪ್ರತಿಯನ್ನು ನ್ಯಾಯಾಲಯವೇ ಉಚಿತವಾಗಿ ಕೊಡಬೇಕು, ಅದಕ್ಕೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಜಾಮೀನಿಗೆ ಬೇಕಾಗುವ ಶ್ಯೂರಿಟಿಯನ್ನೂ, ಅಂದರೆ ಹೊಣೆ ನಿಲ್ಲುವವರನ್ನೂ ಈಗಲೇ ನೋಡಿಟ್ಟುಕೊಳ್ಳಿ. ಪಹಣಿ ಇರುವ ಸೋದರಮಾವನೋ ದೊಡ್ಡಪ್ಪನೋ ಒಪ್ಪಿದರೆ, ಬಾಡಿಗೆ ಶ್ಯೂರಿಟಿಯವರ ಸಹವಾಸವೇ ಬೇಕಾಗುವುದಿಲ್ಲ.

ಮರು ಉತ್ತರ: ನಾಲೆಕೊನೆ

ಮೂವರಿಗೂ ಧನ್ಯವಾದಗಳು. ಇವತ್ತು ಭಟ್ಟಿಗೆ ರಜೆ ಹಾಕಿ ಅವ್ವ ಮತ್ತು ತಮ್ಮನನ್ನು ಹರಿಹರಕ್ಕೆ ಕರೆದೊಯ್ದಿದ್ದೆ. ನೋಟಿಸು 35(3)ರದ್ದೇ. ಅವ್ವನ ಅರ್ಜಿಗೆ ಹೆಬ್ಬೆಟ್ಟು ಒತ್ತಿಸಿಕೊಂಡರು, ತಮ್ಮನದಕ್ಕೆ ಅಫಿಡವಿಟ್ ಮಾಡಿಸಿದೆವು. ನೋಟಿಸಿನ ದಿನ ವಕೀಲರೊಬ್ಬರು ಠಾಣೆಗೆ ಬರುವುದಾಗಿ ಹೇಳಿದ್ದಾರೆ. ಒಂದು ಅನುಮಾನ ಮಾತ್ರ ಉಳಿದಿದೆ: ಇಬ್ಬರಿಗೂ ಒಬ್ಬರೇ ವಕೀಲರಾದರೆ ತೊಂದರೆಯೇನಾದರೂ ಇದೆಯೇ?

ಉತ್ತರ: ನಿವೃತ್ತ ಶಿರಸ್ತೇದಾರ

ತಾಯಿ ಮಗನ ಹೇಳಿಕೆ ಒಂದೇ ಆಗಿದ್ದರೆ ತೊಂದರೆಯಿಲ್ಲ. ತಾಯಿಯವರು ಜಗಳ ಬಿಡಿಸಲಷ್ಟೇ ಬಂದರೆಂಬುದು ನಿಮ್ಮ ವಾದವಾಗಿದ್ದು, ಅದರಿಂದ ತಮ್ಮನಿಗೆ ಬಾಧೆಯಾಗುವಂತಿದ್ದರೆ ಬೇರೆ ಬೇರೆ ವಕೀಲರನ್ನು ಕೇಳಿ. ಅರ್ಜಿಯಲ್ಲಿ ಆ ಕಾರಣವನ್ನು ಒಂದು ಸಾಲಿನಲ್ಲಿ ಬರೆದರಾಯಿತು.