ಕಾರ್ಪೊರೇಟರ್ ಆಗಿದ್ದವರಿಗೆ ಲೋಕಸಭೆ ಟಿಕೆಟ್ ಕೊಡಬೇಕಾ?

ಸುಮಾ: ಲೋಕಸಭೆ ಟಿಕೆಟ್ ಹಂಚುವಾಗ ನಗರಸಭೆ, ಪಾಲಿಕೆಗಳಲ್ಲಿ ಒಂದು ಅವಧಿಯಾದರೂ ದುಡಿದವರನ್ನು ಮೊದಲು ನೋಡಬೇಕು ಅನ್ನುವುದು ನನ್ನ ವಾದ. ಬ್ರಿಟನ್ನಿನ ಜಾನ್ ಮೇಜರ್ 1968ರಲ್ಲಿ ಲಂಡನ್ನಿನ ಲ್ಯಾಂಬೆತ್ ಕೌನ್ಸಿಲ್‌ಗೆ, ಅಂದರೆ ನಮ್ಮ ಪಾಲಿಕೆಯಂಥ ಸ್ಥಳೀಯ ಸಂಸ್ಥೆಗೆ, ಗೆದ್ದರು. ಅಲ್ಲಿ ವಸತಿ ಸಮಿತಿಯ ಅಧ್ಯಕ್ಷರೂ ಆದರು. 1979ರಲ್ಲಿ ಸಂಸದ, 1990ರಲ್ಲಿ ಪ್ರಧಾನಿ. ಮನೆಗಾಗಿ ಅಲೆಯುವವರ ಪಾಡನ್ನು ಹತ್ತಿರದಿಂದ ನೋಡಿದವರು ಮೇಲೆ ಹೋದರೆ ಒಳ್ಳೆಯದೇ ಅಲ್ವಾ?

ರವಿ: ಮಧ್ಯದ್ದು ಬಿಟ್ಟುಹೋಯಿತು ಮೇಡಂ. 1971ರಲ್ಲಿ ಅವರು ಕೌನ್ಸಿಲ್ ಸೀಟನ್ನೇ ಕಳೆದುಕೊಂಡರು. 1974ರಲ್ಲಿ ಎರಡು ಸಲ ಪಾರ್ಲಿಮೆಂಟಿಗೆ ನಿಂತು ಎರಡೂ ಸಲ ಸೋತರು. ಕೊನೆಗೆ ಗೆದ್ದಿದ್ದು ಲ್ಯಾಂಬೆತ್‌ನಲ್ಲಲ್ಲ, ಹಂಟಿಂಗ್ಡನ್‌ಶೈರ್‌ನಲ್ಲಿ. ಸೋತವರನ್ನೂ ಪಕ್ಷ ಕೈಬಿಡಲಿಲ್ಲ, ಅದು ಮುಖ್ಯ. ನಮ್ಮಲ್ಲಿ ವಾರ್ಡ್ ಸೋತ ಕಾರ್ಪೊರೇಟರ್‌ನ ಆಮೇಲೆ ಯಾರು ಕೇಳುತ್ತಾರೆ?

ನಾಗೇಶ್: ವಾರ್ಡ್ ಕೆಲಸ ಬೇರೆ, ಕಾನೂನು ಮಾಡುವುದು ಬೇರೆ. ಚರಂಡಿ ಕಟ್ಟಿಕೊಂಡರೆ ಎಂಜಿನಿಯರ್‌ಗೆ ಫೋನ್ ಮಾಡಿದರೆ ಆಯಿತು. ಸಂಸತ್ತಿನಲ್ಲಿ ಹಾಗಲ್ಲ. ಮಸೂದೆಯ ಯಾವುದೋ ಒಂದು ಕಲಂನಲ್ಲಿ ನಿಯಮ ಮಾಡುವ ಅಧಿಕಾರವನ್ನೆಲ್ಲ ಸರ್ಕಾರಕ್ಕೇ ಬಿಟ್ಟಿರುತ್ತಾರೆ. ಅದನ್ನು ಹುಡುಕಿ ಪ್ರಶ್ನಿಸಬೇಕು. ವಾರ್ಡ್ ಸುತ್ತಿದವರಿಗೆ ಅದು ತಾನಾಗಿ ಬರುವುದಿಲ್ಲ. ಬಂದರೂ, 1985ರ ಪಕ್ಷಾಂತರ ನಿಷೇಧ ಕಾನೂನು ಇದೆ. ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ, ಮೀರಿ ಮತ ಹಾಕಿದರೆ ಸೀಟೇ ಹೋಗಬಹುದು.

ಸುಮಾ: ನಾಗೇಶ್ ಸರ್, ಕಾರ್ಪೊರೇಟರ್ ಅಂದರೆ ಬರೀ ಚರಂಡಿ ಅಲ್ಲ. ಬಜೆಟ್ ಸಭೆಯಲ್ಲಿ ಬೀದಿದೀಪ ನಿರ್ವಹಣೆ ಅಂತ ಒಂದು ಸಾಲು ಬರುತ್ತದೆ. ಹೋದ ವರ್ಷ ಇಟ್ಟಿದ್ದೆಷ್ಟು, ಖರ್ಚಾಗಿದ್ದೆಷ್ಟು, ಗುತ್ತಿಗೆದಾರರ ಬಿಲ್ ಪಾಸಾದ ಮೇಲೂ ಆ ರಸ್ತೆ ಯಾಕೆ ಕತ್ತಲಲ್ಲಿದೆ ಅಂತ ಎದ್ದು ಕೇಳುವ ಸದಸ್ಯರಿದ್ದಾರೆ. ಆ ಅಭ್ಯಾಸ ಇದ್ದವರು ಲೋಕಸಭೆಯಲ್ಲಿ ಇಲಾಖೆಗಳು ಖರ್ಚಿಗೆ ಹಣ ಕೇಳುವ ಅನುದಾನ ಬೇಡಿಕೆ ಬಂದಾಗ ಸುಮ್ನೆ ಕೂರುವುದಿಲ್ಲ. ವಿಪ್ ಇರುವುದು ಮತಕ್ಕೆ. ಪ್ರಶ್ನೋತ್ತರ ವೇಳೆಯಲ್ಲಿ ಬಾಯಿ ತೆರೆಯಬೇಡಿ ಅಂತ ಯಾವ ಕಾನೂನೂ ಹೇಳಿಲ್ಲ.

ಫಾತಿಮಾ: ನನಗೆ ಇದರಲ್ಲಿ ಜಾಸ್ತಿ ಕಾಣುವುದು ಹೆಣ್ಣುಮಕ್ಕಳ ವಿಷಯ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯಿಂದ ನಗರಾಡಳಿತದಲ್ಲಿ ಕನಿಷ್ಠ ಮೂರನೇ ಒಂದು ಸ್ಥಾನ ಮಹಿಳೆಯರಿಗೆ ಮೀಸಲು. ದ್ರೌಪದಿ ಮುರ್ಮು 1997ರಲ್ಲಿ ಒಡಿಶಾದ ರಾಯರಂಗಪುರ ನಗರ ಪಂಚಾಯತಿ ಸದಸ್ಯೆ. 2000ದಲ್ಲಿ ಶಾಸಕಿ, 2022ರಲ್ಲಿ ರಾಷ್ಟ್ರಪತಿ. ಲೋಕಸಭೆಯಲ್ಲಿ ಮಹಿಳಾ ಮೀಸಲಾತಿಗೆ 2023ರಲ್ಲಿ ಸಂವಿಧಾನ ತಿದ್ದುಪಡಿ ಆಯಿತು. ನಾಳೆ ಅಭ್ಯರ್ಥಿಗಳೇ ಸಿಗುತ್ತಿಲ್ಲ ಅಂತ ಪಕ್ಷಗಳು ಹೇಳಿದರೆ ನಾನು ಒಪ್ಪುವುದಿಲ್ಲ. ಇಷ್ಟು ವರ್ಷ ವಾರ್ಡ್ ನಡೆಸಿದವರು ಎಲ್ಲಿ ಹೋದರು?

ರವಿ: ಎಲ್ಲಿ ಹೋದರು ಅಂದರೆ, ಮನೆಗೆ. ವಾರ್ಡ್ ಮೀಸಲಾತಿ ಸರದಿಯ ಮೇಲೆ ಬದಲಾಗುತ್ತದೆ. ಫೈಲ್ ಎಲ್ಲಿ ನಿಲ್ಲುತ್ತದೆ ಅನ್ನುವುದು ಅರ್ಥವಾಗುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಮುಂದಿನ ಸಲ ಆ ವಾರ್ಡ್ ಸಾಮಾನ್ಯ ಆದರೆ ಟಿಕೆಟ್ ಇನ್ಯಾರಿಗೋ.

ನಾಗೇಶ್: ಇದನ್ನು ಒಪ್ಪುತ್ತೇನೆ. ಹಾಗಾದರೆ ಮೊದಲು ಕೇಳಬೇಕಾಗಿದ್ದು ಲೋಕಸಭೆ ಟಿಕೆಟ್ ಅಲ್ಲ. ಸಾಮಾನ್ಯ ವಾರ್ಡ್‌ನಲ್ಲೂ ಅವರಿಗೇ ಎರಡನೇ ಸಲ ಟಿಕೆಟ್ ಕೊಡಿ ಅಂತ ಪಕ್ಷದ ಜಿಲ್ಲಾ ಸಮಿತಿಯನ್ನು ಹಿಡಿದು ಕೇಳಬೇಕು.

ಫಾತಿಮಾ: ಎರಡನ್ನೂ ಕೇಳೋಣ ಸರ್. ಒಂದಕ್ಕಾಗಿ ಇನ್ನೊಂದನ್ನು ಯಾಕೆ ಬಿಡಬೇಕು?