ನಾಲ್ಕನೇ ಕ್ರಾಸ್‌ಗೆ ನುಗ್ಗುವ ನೀರು: ಭಾನುವಾರ ಎಲ್ಲರ ತಾರಸಿ ಪೈಪ್ ನೋಡೋಣ

ನಾಲ್ಕನೇ ಕ್ರಾಸ್, ಕೆಳಮನೆ:
ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಮತ್ತೆ ಬಚ್ಚಲಿನಿಂದ ಕೊಳಚೆ ನೀರು ಉಕ್ಕಿ ನಡುಮನೆಗೆ ಬಂತು. ಅತ್ತೆಯವರನ್ನು ಎತ್ತಿಕೊಂಡು ಹೋಗಿ ಮಹಡಿ ಮನೆಯಲ್ಲಿ ಮಲಗಿಸಿದೆವು. ಆಗ ರಸ್ತೆ ಬದಿಯ ಚರಂಡಿ ಇನ್ನೂ ತುಂಬಿರಲಿಲ್ಲ. ನೀರು ಬಂದದ್ದು ಒಳಚರಂಡಿಯಿಂದ. ಮೇಲಿನ ಕ್ರಾಸ್‌ಗಳ ಎಷ್ಟೋ ಮನೆಗಳಲ್ಲಿ ತಾರಸಿ ಪೈಪನ್ನು ನೇರ ಯುಜಿಡಿಗೆ, ಅಂದರೆ ಒಳಚರಂಡಿಗೆ ಸೇರಿಸಿದ್ದಾರೆ ಅಂತ ಪ್ಲಂಬರ್ ಹೇಳಿದರು. ಅದು ಮನೆಯ ಕೊಳಚೆಗಷ್ಟೇ ಹಾಕಿದ ಪೈಪು. ಮಳೆ ನೀರೂ ಸೇರಿದರೆ ತಡೆಯುವುದಿಲ್ಲ, ತಗ್ಗಿನಲ್ಲಿ ಉಕ್ಕುತ್ತದೆ. ಯಾರನ್ನೂ ದೂರುತ್ತಿಲ್ಲ. ಕಟ್ಟುವಾಗ ಯಾವ ಪೈಪ್ ಎಲ್ಲಿಗೆ ಹೋಯಿತು ಅಂತ ನಮ್ಮಲ್ಲಿ ಯಾರು ನೋಡಿರುತ್ತೇವೆ?

ಮೊದಲನೇ ಕ್ರಾಸ್, ಮೂಲೆ ಮನೆ:
ಅಕ್ಕ, ಓದಿ ತುಂಬಾ ಬೇಜಾರಾಯಿತು. ಅಜ್ಜಿ ಈಗ ಹೇಗಿದ್ದಾರೆ? ಒಂದು ಮಾತು, ತಪ್ಪು ತಿಳಿಯಬೇಡಿ. ನಮ್ಮ ಕಡೆ ಯಾವತ್ತೂ ನೀರು ನಿಂತಿಲ್ಲ. ಮಳೆ ನೀರು ಹರಿಯುವ ರಾಜಕಾಲುವೆಯ ಹೂಳು ತೆಗೆಸಿದರೆ ಸಾಲದಾ?

ಎರಡನೇ ಕ್ರಾಸ್, ಪಾರ್ಕ್ ಎದುರು ಮನೆ:
ಹೂಳು ತೆಗೆಸಲೇಬೇಕು, ಅದರ ಬೆನ್ನು ಬಿಡುವುದಿಲ್ಲ. ಆದರೆ ಸರ್, ಈ ಲೆಕ್ಕ ನೋಡಿ. ಸಾವಿರ ಚದರಡಿ ತಾರಸಿ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 4,600 ಲೀಟರ್ ನೀರು. ನಮ್ಮ ಮೂರು ಕ್ರಾಸ್‌ಗಳ ತಾರಸಿ ನೀರೆಲ್ಲ ಇಳಿಯುವುದು ಅಕ್ಕನ ಮನೆ ಕಡೆಗೇ. ನಮ್ಮ ಕಡೆ ನೀರು ನಿಲ್ಲದಿರುವುದಕ್ಕೆ ಕಾರಣ ಅದೇ ಅಲ್ವಾ? 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆ ಕಡೆ ಜನರನ್ನು ಟ್ರ್ಯಾಕ್ಟರ್, ದೋಣಿಗಳಲ್ಲಿ ಕರೆತಂದರು. ಅಲ್ಲೂ ಮೇಲಿನ ಕೆರೆಗಳು ಕೋಡಿ ಬಿದ್ದ ನೀರೇ ತಗ್ಗಿನ ಬಡಾವಣೆಗಳಿಗೆ ನುಗ್ಗಿದ್ದು.

ಮೂರು ಅಡಿ ಅಗಲ, 20 ಅಡಿ ಆಳದ ಒಂದು ಇಂಗುಬಾವಿ ಸುಮಾರು 4,000 ಲೀಟರ್ ಹಿಡಿಯುತ್ತದೆ. ಆಮೇಲೆ ನಿಧಾನವಾಗಿ ಇಂಗುತ್ತದೆ. ತೋಡಬೇಕಾದದ್ದು ನಮ್ಮ ಎತ್ತರದ ಕಡೆ. ನಾಲ್ಕನೇ ಕ್ರಾಸ್‌ನಲ್ಲಿ ಮಳೆಗಾಲಕ್ಕೆ ನೆಲದಡಿಯ ನೀರೇ ಮೇಲಿರುತ್ತದೆ, ಅಲ್ಲಿ ತೋಡಿ ಲಾಭವಿಲ್ಲ. ಪಾರ್ಕಿನಲ್ಲಿ ಎರಡು, ಮೊದಲನೇ ಕ್ರಾಸ್ ತಿರುವಿನಲ್ಲಿ ಒಂದು ಬಾವಿಯಿಂದ ಶುರು ಮಾಡೋಣ. ಬಾವಿ ತೋಡುವ ಮಣ್ಣು ಒಡ್ಡರ ತಂಡವನ್ನು ಕರೆಸೋಣ, ಮಣ್ಣು ನೋಡಿ ಜಾಗ ಹೇಳುವುದು ಅವರಿಗೆ ಕೈಬಂದ ಕೆಲಸ. 2024ರ ಬೇಸಿಗೆಯಲ್ಲಿ ಬೋರ್ ಬತ್ತಿ ಟ್ಯಾಂಕರ್‌ಗೆ ಕಾದವರು ನಾವು. ನೆಲಕ್ಕೆ ಇಂಗಿಸಬಹುದಾದ ಮಳೆ ನೀರನ್ನೇ ಅಕ್ಕನ ಮನೆಗೆ ಕಳಿಸುತ್ತಿದ್ದೇವೆ.

ಮೂರನೇ ಕ್ರಾಸ್:
ಬಾವಿಗೆ ಸಮಯ ಬೇಕು, ಪೈಪ್ ನೋಡುವುದು ಒಂದೇ ಬೆಳಿಗ್ಗೆಯ ಕೆಲಸ. ತಾರಸಿಯ ಮಳೆ ಪೈಪಿಗೆ ಒಂದು ಬಕೆಟ್ ಅರಿಶಿನ ನೀರು ಸುರಿಯಿರಿ. ಮನೆ ಮುಂದಿನ ಯುಜಿಡಿ ಚೇಂಬರ್ ಮುಚ್ಚಳ ತೆಗೆದು ನೋಡಿ. ಹಳದಿ ಬಂದರೆ ಯುಜಿಡಿಗೆ ಸೇರಿದೆ ಅಂತಲೇ ಅರ್ಥ. ಮ್ಯಾನ್‌ಹೋಲ್‌ಗೆ ಮಾತ್ರ ಯಾರೂ ಇಳಿಯಬಾರದು, ಯಾರನ್ನೂ ಇಳಿಸಬಾರದು. ಅಕ್ಕ, ಅಲ್ಲಿಯವರೆಗೆ ನಿಮ್ಮ ಮನೆಯಿಂದ ಹೊರಗೆ ಹೋಗುವ ಪೈಪಿಗೆ ನೀರು ವಾಪಸ್ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಾಕಿಸಿ. ಖರ್ಚು ಗುಂಪಿನಿಂದ ಕೊಡೋಣ.

ಮೊದಲನೇ ಕ್ರಾಸ್, ಮೂಲೆ ಮನೆ:
ಈಗ ಅರ್ಥವಾಯಿತು. ಭಾನುವಾರ ಏಳು ಗಂಟೆಗೆ ನಮ್ಮ ಮನೆಯಿಂದಲೇ ಶುರು ಮಾಡಿ. ಏಣಿ ಇದೆ, ಅರಿಶಿನವೂ ಇದೆ.